ತಮೆಶಿಗಿರಿಗೆ ಮೊದಲ ಕತ್ತಿ: ಆಯ್ಕೆಯಿಂದ ಮೊದಲ ಕಡಿತದವರೆಗೆ ಸಮಗ್ರ ಮಾರ್ಗದರ್ಶಿ

ಜಪಾನಿ ಖಡ್ಗವಿದ್ಯೆಯಲ್ಲಿ, ನೀರಿನಲ್ಲಿ ನೆನೆಸಿ ಸುತ್ತಿದ ಚಾಪೆಯನ್ನು ಹರಿತವಾದ ಕತ್ತಿಯಿಂದ ಕಡಿದು ತನ್ನ ಹೊಡೆತ ಎಷ್ಟು ನೇರವಾಗಿದೆ ಎಂದು ಪರೀಕ್ಷಿಸಿಕೊಳ್ಳುವ ಅಭ್ಯಾಸವೇ ತಮೆಶಿಗಿರಿ. ಇದಕ್ಕಾಗಿ ಮೊದಲ ಕತ್ತಿ ಕೊಳ್ಳುವವರಲ್ಲಿ ಹೆಚ್ಚಿನವರು ಒಂದೇ ರೀತಿಯಲ್ಲಿ ಎಡವುತ್ತಾರೆ. ಅವರು ಮೊದಲು ಅಲಂಕಾರವನ್ನೂ ನಂತರ ಉಕ್ಕಿನ ಹೆಸರನ್ನೂ ನೋಡುತ್ತಾರೆ. ಉದ್ದ ಮತ್ತು ತೂಕದ ವಿಚಾರ ಹಣ ಕೊಟ್ಟ ಮೇಲೆ ಬರುತ್ತದೆ. ಹಿಡಿಯೊಳಗೆ ಏನಿದೆ ಎಂಬುದನ್ನಂತೂ ವಿಚಾರಿಸುವುದೇ ಇಲ್ಲ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಅಪಾಯ ಹುಟ್ಟುವುದು ಹೆಚ್ಚಾಗಿ ಹಿಡಿಯಲ್ಲಿ. ಅಭ್ಯಾಸ ಕೆಡುವುದು ಹೊಂದದ ಉದ್ದ ಮತ್ತು ತೂಕದಿಂದ. ಉಕ್ಕಿನ ಹೆಸರು ಇವೆರಡೂ ಇತ್ಯರ್ಥವಾದ ನಂತರ ಕೇಳಬೇಕಾದ ಪ್ರಶ್ನೆ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಅನುಸರಿಸಬೇಕು.

ಬೇಕಾಗುವ ಸಾಧನಗಳು

ಅಳತೆಯ ಟೇಪು, ಎರಡು ಕಿಲೋವರೆಗೆ ತೂಗುವ ಡಿಜಿಟಲ್ ತಕ್ಕಡಿ, ದಪ್ಪ ಅಳೆಯಲು ವರ್ನಿಯರ್ ಕ್ಯಾಲಿಪರ್, ಪ್ರಖರವಾದ ಸಣ್ಣ ಟಾರ್ಚ್, ಮೆತ್ತನೆಯ ಹತ್ತಿ ಬಟ್ಟೆ, ಹಿಡಿಯ ಗೂಟವನ್ನು ಹೊರತೆಗೆಯುವ ಹಿತ್ತಾಳೆಯ ಸಣ್ಣ ಸುತ್ತಿಗೆ ಮತ್ತು ಅಲಗಿಗೆ ಹಚ್ಚುವ ಎಣ್ಣೆ ಇಷ್ಟಿದ್ದರೆ ಸಾಕು. ಎಣ್ಣೆ ಚೋಜಿ ಎಂಬ ಜಪಾನಿ ಎಣ್ಣೆಯೇ ಆಗಬೇಕೆಂದಿಲ್ಲ. ಶುದ್ಧವಾದ ಖನಿಜ ತೈಲವೂ ಆಗುತ್ತದೆ. ಅಡುಗೆ ಎಣ್ಣೆ ಮಾತ್ರ ಬೇಡ, ಅದು ಕೆಲವೇ ವಾರಗಳಲ್ಲಿ ಜಿಗುಟಾಗಿ ಒರೆಯೊಳಗೆ ಕೂರುತ್ತದೆ.

ಹಂತ 1: ಗುರುವಿನ ಒಪ್ಪಿಗೆ ಮತ್ತು ಕಾನೂನು

ಕತ್ತಿ ಹುಡುಕುವುದಕ್ಕೆ ಮೊದಲು ಗುರುಗಳನ್ನು ಕೇಳಬೇಕು. ತೊಯಾಮಾ ರ್ಯೂ, ನಕಾಮುರಾ ರ್ಯೂ ಮೊದಲಾದ ಶೈಲಿಗಳಲ್ಲಿ ಕಡಿತ ಅಭ್ಯಾಸದ ಮುಖ್ಯ ಭಾಗ. ಮುಸೋ ಶಿಂದೆನ್ ರ್ಯೂ ಅಥವಾ ಮುಸೋ ಜಿಕಿದೆನ್ ಏಶಿನ್ ರ್ಯೂ ಕಲಿಸುವ ಅನೇಕ ದೋಜೋಗಳಲ್ಲಿ, ಅಂದರೆ ಅಭ್ಯಾಸ ಶಾಲೆಗಳಲ್ಲಿ, ಬಹುಕಾಲ ಇಯೈತೊ ಎಂಬ ಹರಿತವಿಲ್ಲದ ಅಭ್ಯಾಸ ಕತ್ತಿ ಮಾತ್ರ ಬಳಕೆಯಲ್ಲಿರುತ್ತದೆ. ಉದ್ದ, ಹಿಡಿಯ ಅಳತೆ, ಅಲಗಿನಲ್ಲಿ ತೋಡು ಇರಬಹುದೇ ಎಂಬುದರ ಬಗ್ಗೆ ದೋಜೋದ್ದೇ ನಿಯಮಗಳಿರಬಹುದು. ಗುರುಗಳಿಲ್ಲದೆ, ವಿಡಿಯೊ ನೋಡಿ ಕಲಿತು ಕಡಿಯಬೇಕೆಂದಿರುವವರಿಗೆ ಈ ಮಾರ್ಗದರ್ಶಿ ಅನ್ವಯಿಸುವುದಿಲ್ಲ. ಅವರು ಈಗ ಕತ್ತಿ ಕೊಳ್ಳಬಾರದು.

ಇಯೈತೊಗೆ ಅಂಚು ಹಾಕಿಸಿಕೊಳ್ಳಬಹುದೇ ಎಂದು ಹಲವರು ಕೇಳುತ್ತಾರೆ. ಖಂಡಿತ ಕೂಡದು. ಜಪಾನಿನಲ್ಲಿ ತಯಾರಾಗುವ ಇಯೈತೊ ಸಾಮಾನ್ಯವಾಗಿ ಸತು ಮತ್ತು ಅಲ್ಯೂಮಿನಿಯಂ ಸೇರಿದ ಮಿಶ್ರಲೋಹದ್ದು. ಅದು ಗಾಳಿಯಲ್ಲಿ ಬೀಸಲು ಮಾತ್ರ ತಕ್ಕದ್ದು, ಗುರಿಗೆ ತಗುಲಿದರೆ ಬಾಗಬಹುದು ಅಥವಾ ತುಂಡಾಗಬಹುದು.

ಕಾನೂನಿನ ವಿಷಯವನ್ನೂ ಇದೇ ಹಂತದಲ್ಲಿ ಮುಗಿಸಬೇಕು. ಭಾರತದಲ್ಲಿ 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಕತ್ತಿಗಳು ಆಯುಧಗಳೆಂದೇ ಪರಿಗಣಿತವಾಗಿವೆ. ಆಯುಧಗಳ ಆಮದಿಗೆ 1959ರ ಆಯುಧ ಕಾಯ್ದೆಯಡಿ ಪರವಾನಗಿ ಬೇಕು. ಆದ್ದರಿಂದ ನಿಮ್ಮ ಊರಿನಲ್ಲಿ ಏನು ಅನ್ವಯಿಸುತ್ತದೆ ಎಂಬುದನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ, ಬೆಂಗಳೂರಿನಂತಹ ನಗರದಲ್ಲಾದರೆ ಪೊಲೀಸ್ ಆಯುಕ್ತರ ಕಚೇರಿಯಲ್ಲಿ, ಲಿಖಿತವಾಗಿ ಕೇಳಿ ತಿಳಿಯಬೇಕು. ಮಾರಾಟಗಾರರ ಭರವಸೆ ಇದಕ್ಕೆ ಬದಲಿಯಾಗಲಾರದು. ಬ್ರಿಟನ್‌ನಲ್ಲಿರುವ ಕನ್ನಡಿಗರು, 50 ಸೆಂ.ಮೀ. ಅಥವಾ ಅದಕ್ಕಿಂತ ಉದ್ದದ ಬಾಗಿದ ಅಲಗಿನ ಕತ್ತಿಗಳ ಮಾರಾಟ ಮತ್ತು ಆಮದಿನ ಮೇಲೆ 2008ರಿಂದ ನಿರ್ಬಂಧವಿರುವುದನ್ನೂ ಅದಕ್ಕಿರುವ ವಿನಾಯಿತಿಗಳನ್ನೂ ಓದಿಕೊಳ್ಳಬೇಕು. ಮುಂದೆ ಜಪಾನಿಗೆ ಹೋಗಿ ಅಭ್ಯಾಸ ಮಾಡುವ ಯೋಚನೆಯಿದ್ದರೆ, ಬೇರೆ ದೇಶದಲ್ಲಿ ತಯಾರಾದ ಉಕ್ಕಿನ ಕತ್ತಿಯನ್ನು ಅಲ್ಲಿಗೆ ಒಯ್ಯಲಾಗದು ಎಂಬುದು ನೆನಪಿರಲಿ.

ಹಂತ 2: ಏನನ್ನು ಕಡಿಯುತ್ತೀರಿ ಎಂಬುದರ ನಿರ್ಧಾರ

ಕತ್ತಿಯ ಆಕಾರವನ್ನು ತೀರ್ಮಾನಿಸುವುದು ಗುರಿಯಾದ್ದರಿಂದ ಅದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಹೊಸಬರಿಗೆ ತಕ್ಕ ಗುರಿ ಒಂದೇ: ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ನೀರು ಬಸಿಯಲು ನಿಲ್ಲಿಸಿ, ಒಂಟಿ ಸುರುಳಿಯಾಗಿ ಸುತ್ತಿದ ತತಾಮಿ ಒಮೊತೆ, ಅಂದರೆ ಜಪಾನಿ ನೆಲಹಾಸಿನ ಮೇಲ್ಚಾಪೆ. ಅದು ದೊರೆಯದೆ ಜೊಂಡಿನ ಚಾಪೆಯನ್ನು ಬಳಸಬೇಕಾಗಿ ಬಂದರೆ ಪ್ಲಾಸ್ಟಿಕ್ ನೂಲು ಸೇರದ್ದನ್ನು ಆರಿಸಿ, ಅಂಚುಪಟ್ಟಿಯನ್ನು ಕಿತ್ತು, ಮಣ್ಣು ಮರಳು ಹೋಗುವಂತೆ ತೊಳೆದು ನೆನೆಸಬೇಕು. ಚಾಪೆಯೊಳಗೆ ಉಳಿದ ಮರಳು ಒಂದೇ ದಿನದಲ್ಲಿ ಅಲಗಿನ ತುಂಬ ಗೀರು ಹಾಕುತ್ತದೆ.

ಹಸಿ ಬಿದಿರು ನಂತರದ ಹಂತದ ಗುರಿ. ಒಣ ಬಿದಿರು, ಮರದ ಕೊಂಬೆ, ಕಂಬ, ಕಬ್ಬಿಣದ ತಂತಿ ಇರುವ ಯಾವುದೇ ವಸ್ತು ಎಂದಿಗೂ ಗುರಿಯಲ್ಲ.

ಹಂತ 3: ಉದ್ದ

ಅಲಗಿನ ಉದ್ದವನ್ನು, ಅಂದರೆ ನಗಾಸವನ್ನು, ಮೊನೆಯ ತುದಿಯಿಂದ ಬೆನ್ನಿನ ಬುಡದಲ್ಲಿರುವ ಕಚ್ಚಿನವರೆಗೆ ನೇರ ರೇಖೆಯಲ್ಲಿ ಅಳೆಯುತ್ತಾರೆ. ಬಾಗಿನ ಗುಂಟ ಟೇಪು ಹಿಡಿಯುವುದು ತಪ್ಪು. ಜಪಾನಿ ಅಳತೆಯಲ್ಲಿ 1 ಶಾಕು 30.3 ಸೆಂ.ಮೀ., 1 ಸುನ್ 3.03 ಸೆಂ.ಮೀ., 1 ಬು 3.03 ಮಿ.ಮೀ. ಹಾಗಾಗಿ 2 ಶಾಕು 4 ಸುನ್ 5 ಬು ಎಂದರೆ ಸುಮಾರು 74.2 ಸೆಂ.ಮೀ. ಕೆಲವು ಅಂಗಡಿಗಳು ಹಿಡಿಯನ್ನೂ ಸೇರಿಸಿ ಒಟ್ಟು ಉದ್ದವನ್ನಷ್ಟೇ ಕೊಡುತ್ತವೆ. ನಗಾಸವನ್ನು ಪ್ರತ್ಯೇಕವಾಗಿ ಕೇಳದೆ ಮುಂದುವರಿಯಬಾರದು.

170 ಸೆಂ.ಮೀ. ಎತ್ತರದವರಿಗೆ ಸಾಮಾನ್ಯವಾಗಿ 2 ಶಾಕು 4 ಸುನ್‌ನಿಂದ 2 ಶಾಕು 4 ಸುನ್ 5 ಬು ವರೆಗಿನ ಅಲಗು ಹೊಂದುತ್ತದೆ. ಎತ್ತರದಲ್ಲಿ ಪ್ರತಿ 5 ಸೆಂ.ಮೀ. ವ್ಯತ್ಯಾಸಕ್ಕೆ ಸರಿಸುಮಾರು ಅರ್ಧ ಸುನ್ ಹೆಚ್ಚು ಅಥವಾ ಕಡಿಮೆ ಮಾಡಿಕೊಳ್ಳಬಹುದು. ಆದರೆ ಕೈಗಳ ಉದ್ದ ಎಲ್ಲರಿಗೂ ಒಂದೇ ಅಲ್ಲವಾದ್ದರಿಂದ ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ದೋಜೋದಲ್ಲಿ ಬೇರೆ ಬೇರೆ ಅಳತೆಯ ಇಯೈತೊಗಳನ್ನು ಎರವಲು ಪಡೆದು, ಒರೆಯನ್ನು ಹಿಂದಕ್ಕೆ ಎಳೆಯುತ್ತ ಕತ್ತಿ ಹಿರಿದು ನೋಡಬೇಕು. ಮೊನೆ ಒರೆಯ ಬಾಯಿಯಿಂದ ಸಲೀಸಾಗಿ ಹೊರಬರಬೇಕು. ಅದಕ್ಕಾಗಿ ಬಲ ಭುಜ ಮೇಲೇರುತ್ತಿದ್ದರೆ ಅಥವಾ ದೇಹ ಓಲುತ್ತಿದ್ದರೆ ಅಲಗು ಉದ್ದವಾಯಿತೆಂದೇ ಅರ್ಥ. ಎರಡು ಅಳತೆಗಳ ನಡುವೆ ಸಂದೇಹ ಬಂದಾಗ ಕಡಿತಕ್ಕೆ ಚಿಕ್ಕದನ್ನೇ ಆರಿಸುವುದು ಒಳ್ಳೆಯದು. ಉದ್ದದ ಕತ್ತಿಯನ್ನು ಒರೆಗೆ ಮರಳಿಸುವಾಗ ಎಡಗೈಯ ಬೆರಳುಗಳು ಕೊಯ್ದುಕೊಳ್ಳುವ ಸಾಧ್ಯತೆ ಹೆಚ್ಚು.

ಹಂತ 4: ತೂಕ, ಸಮತೋಲ ಮತ್ತು ತೋಡು

ಒರೆಯಿಲ್ಲದೆ ತೂಗಿದಾಗ 1,000ದಿಂದ 1,150 ಗ್ರಾಂ ಒಳಗಿರುವ ಕತ್ತಿ ಹೆಚ್ಚಿನ ವಯಸ್ಕರಿಗೆ ಸಾಕು. 1,300 ಗ್ರಾಂ ದಾಟಿದ್ದನ್ನು ಮೊದಲ ಕತ್ತಿಯಾಗಿ ಕೊಳ್ಳಬಾರದು. ಭಾರವಿದ್ದರೆ ಕಡಿತ ಸುಲಭ ಎಂಬ ಎಣಿಕೆ ತಪ್ಪು. ದಣಿದ ಮಣಿಕಟ್ಟು ಅಂಚನ್ನು ನೇರವಾಗಿ ಹಿಡಿಯಲಾರದು, ಅಂಚು ಓರೆಯಾದೊಡನೆ ಅಲಗು ಬಾಗುತ್ತದೆ.

ತೂಕದಷ್ಟೇ ಮುಖ್ಯವಾದದ್ದು ಸಮತೋಲದ ಬಿಂದು. ಬೆನ್ನು ಕೆಳಗೆ ಬರುವಂತೆ ಮಡಿಸಿದ ಬಟ್ಟೆಯ ಮೇಲೆ ಅಲಗನ್ನು ನಿಧಾನವಾಗಿ ತೂಗಿಸಿ, ಅದು ಸಮನಾಗಿ ನಿಲ್ಲುವ ಜಾಗ ತ್ಸುಬಾ ಎಂಬ ಕೈಕಾವಲಿನಿಂದ ಎಷ್ಟು ದೂರವಿದೆ ಎಂದು ಅಳೆಯಬೇಕು. 12ರಿಂದ 14 ಸೆಂ.ಮೀ. ಹಿತವಾದ ಅಂತರ. 16 ಸೆಂ.ಮೀ. ದಾಟಿದರೆ ಮೊನೆ ಕೆಳಕ್ಕೆ ಜಗ್ಗುತ್ತದೆ ಮತ್ತು ಹೊಡೆತದ ಕೊನೆಯಲ್ಲಿ ಕತ್ತಿಯನ್ನು ತಡೆದು ನಿಲ್ಲಿಸುವುದು ಕಷ್ಟವಾಗುತ್ತದೆ.

ಅಲಗಿನ ಗುಂಟ ಕೊರೆದ ತೋಡು, ಅಂದರೆ ಬೊಹಿ, ತೂಕವನ್ನು ಇಳಿಸುತ್ತದೆ ಮತ್ತು ಬೀಸಿದಾಗ ಸದ್ದು ಕೊಡುತ್ತದೆ. ಸದ್ದು ಕೇಳಿದ ಹೊಸಬರು ತಮ್ಮ ಹೊಡೆತ ಸರಿಯಾಗಿದೆ ಎಂದುಕೊಳ್ಳುವುದುಂಟು. ತೋಡಿರುವ ಅಲಗು ಓರೆ ಹೊಡೆತಕ್ಕೆ ಬೇಗ ಬಾಗುವುದರಿಂದ, ಮೊದಲ ಕತ್ತಿಗೆ ತೋಡು ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಂತ 5: ಅಲಗಿನ ಮೈಕಟ್ಟು

ಅಲಗಿನ ಅಡ್ಡಕೊಯ್ತವನ್ನು ಊಹಿಸಿಕೊಂಡರೆ, ಏಣಿನಿಂದ ಅಂಚಿನವರೆಗಿನ ಮೈ ಚಪ್ಪಟೆಯಾಗಿರಬಹುದು ಅಥವಾ ತುಸು ಉಬ್ಬಿರಬಹುದು. ಈ ಉಬ್ಬನ್ನು ನಿಕು ಎನ್ನುತ್ತಾರೆ. ಅಗಲವಾಗಿ, ತೆಳುವಾಗಿ, ಉಬ್ಬಿಲ್ಲದೆ ಮಾಡಿದ ಅಲಗು ನೆನೆದ ಚಾಪೆಯನ್ನು ಬಹು ಸುಲಭವಾಗಿ ಕಡಿಯುತ್ತದೆ. ಚಾಪೆ ಕಡಿತದ ಸ್ಪರ್ಧೆಗಳಲ್ಲಿ ಅದಕ್ಕೆ ಬೆಲೆಯಿರುವುದು ಅದರಿಂದಲೇ. ಆದರೆ ಅದು ಕಲಿಯುವವರ ದೋಷಗಳನ್ನು ಮುಚ್ಚಿಬಿಡುತ್ತದೆ ಮತ್ತು ಬಿದಿರಿನ ಮೇಲೆ ಅಂಚು ಮುಕ್ಕಾಗುತ್ತದೆ. ಬುಡದಲ್ಲಿ ಸುಮಾರು 30ರಿಂದ 32 ಮಿ.ಮೀ. ಅಗಲ, ಬೆನ್ನಿನಲ್ಲಿ ಸುಮಾರು 7 ಮಿ.ಮೀ. ದಪ್ಪ, ಮೊನೆಯ ಕಡೆಗೆ ಕ್ರಮವಾಗಿ ಕಿರಿದಾಗುವ ಮೈ ಮತ್ತು ಸ್ವಲ್ಪ ಉಬ್ಬು ಇರುವ ಅಲಗು ಕಲಿಕೆಗೆ ಯೋಗ್ಯ. ಬುಡದಿಂದ ತುದಿಯವರೆಗೂ ಒಂದೇ ದಪ್ಪವಿರುವ ಅಲಗು ಕೈಯಲ್ಲಿ ಕಬ್ಬಿಣದ ಪಟ್ಟಿಯಂತೆ ಜಡವಾಗಿರುತ್ತದೆ. ತಯಾರಕರ ವಿವರದಲ್ಲಿ ಮೊನೆಯ ಬಳಿಯ ಅಗಲ ಮತ್ತು ದಪ್ಪ ಇಲ್ಲದಿದ್ದರೆ ಕೇಳಿ ಪಡೆಯಬೇಕು.

ಹಂತ 6: ಹಿಡಿ

ಇಡೀ ಆಯ್ಕೆಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಅಲಗು ಬಾಗಿದರೆ ಆ ದಿನದ ಅಭ್ಯಾಸ ನಿಲ್ಲುತ್ತದೆ. ಹಿಡಿ ಸೀಳಿದರೆ ಅಥವಾ ಗೂಟ ಮುರಿದರೆ ಒಂದು ಕಿಲೋ ತೂಕದ ಹರಿತ ಉಕ್ಕು ಗಾಳಿಯಲ್ಲಿ ಹಾರುತ್ತದೆ.

ಅಲಗಿನ ಬಾಲವನ್ನು ನಕಾಗೊ ಎನ್ನುತ್ತಾರೆ. ಅದು ಅಲಗಿನ ಜೊತೆಗೇ ಒಂದೇ ತುಂಡಾಗಿ ಮುಂದುವರಿದು, ಹಿಡಿಯ ಉದ್ದದ ಮೂರರಲ್ಲಿ ಎರಡು ಭಾಗಕ್ಕಿಂತ ಕಡಿಮೆಯಿಲ್ಲದಂತೆ ಒಳಗೆ ಸೇರಿರಬೇಕು. ಗೋಡೆಗೆ ತೂಗುಹಾಕಲು ಮಾಡಿದ ಅಗ್ಗದ ಕತ್ತಿಗಳಲ್ಲಿ ಈ ಬಾಲದ ಬದಲು ತೆಳುವಾದ ಸರಳೊಂದನ್ನು ಬೆಸುಗೆ ಹಾಕಿ, ಹಿಡಿಯ ತುದಿಯಲ್ಲಿ ನಟ್ಟಿನಿಂದ ಬಿಗಿದಿರುತ್ತಾರೆ. ಬೆಸುಗೆ ಮೊದಲ ಹೊಡೆತಕ್ಕೇ ಬಿಡಬಹುದು. ಹಿಡಿಯ ತುದಿಯಲ್ಲಿ ತಿರುಪು ಅಥವಾ ನಟ್ಟು ಕಂಡರೆ, ಅಲಗು ಸ್ಟೇನ್‌ಲೆಸ್ ಉಕ್ಕಿನದೆಂದು ಬರೆದಿದ್ದರೆ, ಅಥವಾ ಹಿಡಿಯನ್ನು ಬಿಚ್ಚಲಾಗದಂತೆ ಅಂಟಿಸಿದ್ದರೆ ಆ ಕತ್ತಿಯನ್ನು ಅಲ್ಲಿಯೇ ಬಿಡಬೇಕು.

ಮರದ ಹಿಡಿಯನ್ನೂ ಬಾಲವನ್ನೂ ಜೋಡಿಸಿಡುವುದು ಮೆಕುಗಿ ಎಂಬ ಬಿದಿರಿನ ಗೂಟ. ಅದು ಒಂದು ಕಡೆ ತುಸು ದಪ್ಪ, ಇನ್ನೊಂದು ಕಡೆ ತುಸು ಸಪೂರವಾಗಿದ್ದು, ಸುತ್ತಿಗೆಯಿಂದ ಮೆಲ್ಲನೆ ಬಡಿದಾಗ ಮಾತ್ರ ಹೊರಬರುವಷ್ಟು ಬಿಗಿಯಾಗಿರಬೇಕು. ಬೆರಳಿನಿಂದ ಒತ್ತಿದರೆ ಜಾರುವ ಗೂಟ, ಸೀಳು ಕಾಣುವ ಗೂಟ, ತೂತಿಗಿಂತ ಸಣ್ಣದಾಗಿದ್ದು ಅಂಟು ತುಂಬಿದ ಗೂಟ, ಇವು ಯಾವುವೂ ಒಪ್ಪತಕ್ಕವಲ್ಲ. ಬಿದಿರಿನ ಬದಲು ಲೋಹದ ಗೂಟ ಹಾಕಿಸುವುದೂ ತಪ್ಪು. ಬಿದಿರಿನ ನಾರು ಪೆಟ್ಟನ್ನು ಹೀರಿ ಮುರಿಯುವ ಮೊದಲು ಬಾಗುತ್ತದೆ, ಲೋಹ ಆ ಪೆಟ್ಟನ್ನು ನೇರವಾಗಿ ಮರಕ್ಕೆ ದಾಟಿಸಿ ತೂತನ್ನು ಸೀಳುತ್ತದೆ. ಅಭ್ಯಾಸದ ಕತ್ತಿಗಳಲ್ಲಿ ಎರಡು ಗೂಟಗಳಿರುವುದು ಸಾಮಾನ್ಯ. ಒಂದೇ ಇದ್ದು ಸರಿಯಾಗಿ ಕೂತಿದ್ದರೂ ಸಾಕು. ಎರಡಿದ್ದು ಎರಡೂ ಸಡಿಲವಾಗಿದ್ದರೆ ಪ್ರಯೋಜನವಿಲ್ಲ. ಹೆಚ್ಚುವರಿ ಗೂಟಗಳನ್ನು ಕತ್ತಿಯ ಜೊತೆಗೇ ತರಿಸಿಕೊಳ್ಳಬೇಕು.

ಮರದ ಮೇಲೆ ಸಾಮೆ ಎಂಬ ತೊರಕೆ (ಸ್ಟಿಂಗ್‌ರೇ) ಮೀನಿನ ಚರ್ಮ ಇರುತ್ತದೆ. ಅದನ್ನು ಎರಡು ಪಟ್ಟಿಗಳಾಗಿ ಅಂಟಿಸಿರುವುದಕ್ಕಿಂತ ಪೂರ್ತಿ ಸುತ್ತಿರುವುದು ಕಡಿತದ ಕತ್ತಿಗೆ ಉತ್ತಮ, ಏಕೆಂದರೆ ಒಳಗಿನ ಮರ ಬಿರಿದರೂ ಸುತ್ತಿದ ಚರ್ಮ ಅದನ್ನು ಸ್ವಲ್ಪ ಹೊತ್ತಾದರೂ ಹಿಡಿದಿಡುತ್ತದೆ. ಅದರ ಮೇಲೆ ಸುತ್ತುವ ಪಟ್ಟಿಗೆ ಹತ್ತಿ ಒಳ್ಳೆಯದು. ಬೆವರಿದ ಅಂಗೈಗೆ ಅದು ಜಾರುವುದಿಲ್ಲ. ಹೆಬ್ಬೆರಳಿನಿಂದ ಪಟ್ಟಿಯ ಮಡಿಕೆಗಳನ್ನು ಪಕ್ಕಕ್ಕೆ ತಳ್ಳಿ ನೋಡಿ. ಅವು ಸರಿದರೆ ಹಿಡಿಯನ್ನು ಮತ್ತೆ ಸುತ್ತಿಸಬೇಕು, ಅದರ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಹಿಡಿಯ ಉದ್ದಕ್ಕೆ ಬಳಕೆಯಲ್ಲಿರುವ ಅಳತೆ ಸರಳವಾದದ್ದು: ತ್ಸುಬಾದ ಬುಡದಲ್ಲಿ ಬಲಗೈಯಿಂದ ಹಿಡಿದು, ಹಿಡಿಯನ್ನು ಮುಂಗೈಯ ಒಳಬದಿಗೆ ಒರಗಿಸಿದಾಗ ಅದರ ತುದಿ ಮೊಣಕೈಯ ಮಡಿಕೆಯ ಹತ್ತಿರ ಬರಬೇಕು.

ಹಂತ 7: ಉಕ್ಕು ಮತ್ತು ಹದ

ಈಗ ಉಕ್ಕಿನ ಪ್ರಶ್ನೆ. ಇಂದು ಮಾರುಕಟ್ಟೆಯಲ್ಲಿರುವ ಅಭ್ಯಾಸ ಕತ್ತಿಗಳಲ್ಲಿ ಬಹಳಷ್ಟು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಲೊಂಗ್‌ಕ್ವಾನ್‌ನಲ್ಲಿ ತಯಾರಾಗುತ್ತವೆ. ಅವುಗಳ ವಿವರದಲ್ಲಿ ಕಾಣುವ 1045, 1060, 1095 ಎಂಬ ಸಂಖ್ಯೆಗಳ ಕೊನೆಯ ಎರಡು ಅಂಕಿಗಳು ಇಂಗಾಲದ ಪ್ರಮಾಣವನ್ನು ಸೂಚಿಸುತ್ತವೆ; 1060 ಎಂದರೆ ಸುಮಾರು ಶೇ. 0.60 ಇಂಗಾಲ. ಟಿ10 ಸುಮಾರು ಶೇ. 1 ಇಂಗಾಲವಿರುವ ಹತಾರು ಉಕ್ಕು. 5160 ಮತ್ತು 9260 ಸ್ಪ್ರಿಂಗ್ ಉಕ್ಕುಗಳು.

ಸಂಖ್ಯೆಗಿಂತ ಹದ ಮುಖ್ಯ. ಅಲಗಿಗೆ ಮಣ್ಣು ಬಳಿದು ಅಂಚನ್ನು ಮಾತ್ರ ಗಡಸು ಮಾಡಿ, ಬೆನ್ನನ್ನು ಮೃದುವಾಗಿ ಉಳಿಸುವ ವಿಧಾನದಲ್ಲಿ ಹಾಮೊನ್ ಎಂಬ ಗೆರೆ ಮೂಡುತ್ತದೆ. ಇಂತಹ ಅಲಗು ಅಂಚನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ, ಆದರೆ ಕೆಟ್ಟ ಹೊಡೆತಕ್ಕೆ ಬಾಗಿದರೆ ಬಾಗಿಯೇ ಉಳಿಯುತ್ತದೆ. ಇಡೀ ಮೈಗೆ ಒಂದೇ ಹದ ಕೊಟ್ಟ ಸ್ಪ್ರಿಂಗ್ ಉಕ್ಕಿನ ಅಲಗು ಬಾಗಿದರೂ ತನ್ನ ಸ್ಥಿತಿಗೆ ಮರಳುತ್ತದೆ. ಮೊದಲ ಕತ್ತಿಗೆ ಒಂದೇ ಹದದ 1060 ಅಥವಾ 9260 ಸಾಕೆಂದು ನಾನು ಖಚಿತವಾಗಿ ಹೇಳುತ್ತೇನೆ; ಮೊದಲ ವರ್ಷದಲ್ಲಿ ಓರೆ ಹೊಡೆತಗಳು ತಪ್ಪುವುದಿಲ್ಲ, ಅವುಗಳನ್ನು ತಾಳಿಕೊಳ್ಳುವ ಅಲಗು ಬೇಕು. ಅದರ ಮೇಲೆ ಹಾಮೊನ್ ಕಂಡರೆ ಅದು ಆಮ್ಲದಿಂದಲೋ ಉಜ್ಜಿಯೋ ಮೂಡಿಸಿದ ಗೆರೆ. ಕಡಿತಕ್ಕೆ ಅದರಿಂದ ಹಾನಿಯಿಲ್ಲ, ಆದರೆ ಮಣ್ಣಿನ ಹದವೆಂದು ಹೇಳಿ ಹೆಚ್ಚು ಹಣ ಕೇಳುವವರನ್ನು ನಂಬಬಾರದು. ಮಡಿಸಿ ಬಡಿದ ಉಕ್ಕು ಎಂಬ ವಿವರಣೆಗೂ ಹೆಚ್ಚು ಬೆಲೆ ಕೊಡಬೇಕಿಲ್ಲ. ಒಂದೇ ಗುಣದ ಆಧುನಿಕ ಉಕ್ಕನ್ನು ಮಡಿಸುವುದರಿಂದ ಬಲ ಹೆಚ್ಚುವುದಿಲ್ಲ. ಪದರಗಳ ನಡುವೆ ಸರಿಯಾಗಿ ಬೆಸೆಯದ ಜಾಗ ಉಳಿಯುವ ಸಾಧ್ಯತೆ ಮಾತ್ರ ಹೆಚ್ಚುತ್ತದೆ.

ಹಳೆಯ ಜಪಾನಿ ಕತ್ತಿ ಯಾರ ಬಳಿಯಾದರೂ ಇದ್ದರೆ ಅದನ್ನು ಕಡಿತಕ್ಕೆ ಬಳಸಬಾರದು. ಅದರಲ್ಲಿ ಒಮ್ಮೆ ಆದ ಮುಕ್ಕನ್ನು ತೆಗೆಯಬೇಕಾದರೆ ಅಲಗಿನ ಮೈಯನ್ನೇ ಸವೆಸಬೇಕು, ಹೋದ ಉಕ್ಕು ಮರಳಿ ಬರುವುದಿಲ್ಲ.

ಹಂತ 8: ಕೈಗೆ ಬಂದ ಮೇಲಿನ ಪರೀಕ್ಷೆ

ಪೊಟ್ಟಣ ಬಿಚ್ಚಿದ ಕೂಡಲೇ ಬೀಸಿ ನೋಡುವುದು ಬಹು ಸಾಮಾನ್ಯವಾದ ತಪ್ಪು. ಮೊದಲು ಒಬ್ಬರೇ ಕುಳಿತು, ಮಕ್ಕಳು ಮತ್ತು ಸಾಕುಪ್ರಾಣಿಗಳಿಲ್ಲದ ಕೋಣೆಯಲ್ಲಿ, ಈ ಕ್ರಮದಲ್ಲಿ ಪರೀಕ್ಷಿಸಬೇಕು.

ಅಂಚು ಮೇಲ್ಮುಖವಾಗಿರುವಂತೆ ಒರೆಯನ್ನು ಹಿಡಿದು, ಅಲಗಿನ ಬೆನ್ನು ಮಾತ್ರ ಒರೆಗೆ ತಾಗುವಂತೆ ನಿಧಾನವಾಗಿ ಹಿರಿಯಿರಿ. ಒರೆಯ ಬಾಯಿಯ ಹತ್ತಿರ ಎಡಗೈಯ ಬೆರಳುಗಳು ಅಂಚಿನ ಕಡೆಗೆ ಚಾಚಿರಬಾರದು. ಹಬಾಕಿ ಎಂಬ ಬುಡದ ಲೋಹದ ಪಟ್ಟಿ ಒರೆಯ ಬಾಯಿಯಲ್ಲಿ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದನ್ನು ಗಮನಿಸಬೇಕು: ನೆಲಕ್ಕೆ ದಪ್ಪನೆಯ ಹಾಸಿಗೆ ಹಾಸಿ, ಒರೆಯನ್ನು ತುಸು ಕೆಳಮುಖವಾಗಿಸಿದರೆ ಕತ್ತಿ ತಾನಾಗಿ ಜಾರಬಾರದು, ಹಾಗೆಂದು ಎರಡೂ ಕೈಗಳಿಂದ ಜಗ್ಗಿ ಎಳೆಯುವಷ್ಟು ಬಿಗಿಯೂ ಇರಬಾರದು. ಒಣ ಹವೆಯಲ್ಲಿ ತಯಾರಾದ ಒರೆ ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ತೇವ ಹೀರಿ ಉಬ್ಬಬಹುದು. ಆಗ ಒರೆಯ ಬಾಯಿಯನ್ನು ಅವಸರದಲ್ಲಿ ಕೆತ್ತಬೇಡಿ, ಬೇಸಗೆಯಲ್ಲಿ ಅದು ಸಡಿಲವಾಗುತ್ತದೆ.

ನಂತರ ಬೆನ್ನಿನ ಗುಂಟ ಒಂದು ಕಣ್ಣಿನಿಂದ ನೋಡಿ ಅಲಗು ನೇರವಾಗಿದೆಯೇ ಎಂದು ಪರೀಕ್ಷಿಸಬೇಕು. ಟಾರ್ಚಿನ ಬೆಳಕನ್ನು ಅಂಚಿನ ಮೇಲೆ ನಿಧಾನವಾಗಿ ಸರಿಸಿದಾಗ ಚುಕ್ಕಿಯಂತೆ ಹೊಳೆಯುವ ಜಾಗಗಳು ಮುಕ್ಕು ಅಥವಾ ಮೊಂಡಾದ ಭಾಗಗಳು. ಅಂಚಿಗೆ ಅಡ್ಡಲಾಗಿ, ಕೂದಲೆಳೆಯಷ್ಟು ಸಪೂರವಾದ ಬಿರುಕು ಕಂಡರೆ ಅದನ್ನು ಜಪಾನಿ ಭಾಷೆಯಲ್ಲಿ ‘ಹಾಗಿರಿ’ ಎನ್ನುತ್ತಾರೆ. ಅದಕ್ಕೆ ದುರಸ್ತಿ ಇಲ್ಲ, ಕತ್ತಿಯನ್ನು ಹಿಂದಿರುಗಿಸಬೇಕು.

ಕೊನೆಗೆ ಗೂಟ ತೆಗೆದು ಹಿಡಿಯನ್ನು ಕಳಚಿ. ಕತ್ತಿಯನ್ನು ಎಡಗೈಯಲ್ಲಿ ಓರೆಯಾಗಿ ನಿಲ್ಲಿಸಿ, ಬಲ ಮುಷ್ಟಿಯಿಂದ ಎಡ ಮಣಿಕಟ್ಟನ್ನು ಮೆಲ್ಲನೆ ತಟ್ಟಿದರೆ ಬಾಲ ಸಡಿಲವಾಗುತ್ತದೆ. ಇದನ್ನು ಮೊದಲ ಸಲ ಗುರುಗಳ ಎದುರಿನಲ್ಲಿಯೇ ಮಾಡಬೇಕು. ಬಾಲದ ಆಕಾರ, ತೂತಿನ ಸುತ್ತಲಿನ ಮರ, ಹಿಡಿಯೊಳಗಿನ ಬಿರುಕು, ಅಂಟು ಅಥವಾ ಕಾಗದದ ತುಂಡು ತುಂಬಿದ ಗುರುತು, ಎಲ್ಲವನ್ನೂ ನೋಡಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಮರಳಿ ಜೋಡಿಸಿದಾಗ ತ್ಸುಬಾ ಅಲುಗಾಡಿ ಸದ್ದು ಮಾಡಿದರೆ ಸೆಪ್ಪಾ ಎಂಬ ಬಿಲ್ಲೆಯೊಂದನ್ನು ಸೇರಿಸಿ ಬಿಗಿ ಮಾಡಬಹುದು. ಹಿಡಿಯೇ ಅಲುಗಿದರೆ ಬಿಲ್ಲೆಯಿಂದ ಸರಿಯಾಗುವುದಿಲ್ಲ. ಹೊಸ ಹಿಡಿ ಮಾಡಿಸಬೇಕು.

ಹಂತ 9: ಮೊದಲ ಕಡಿತ ಮತ್ತು ಅಪಾಯದ ಸೂಚನೆಗಳು

ಮೊದಲ ದಿನ ಒಂಟಿ ಸುರುಳಿಯ ಚಾಪೆ, ಭುಜದಿಂದ ಸೊಂಟದ ಕಡೆಗೆ ಇಳಿಯುವ ಕೆಸಗಿರಿ ಹೊಡೆತ, ಇಷ್ಟು ಮಾತ್ರ. ಬೀಸುವ ದಿಕ್ಕಿನಲ್ಲಿ, ಎದುರಿನಲ್ಲಿ ಮತ್ತು ಹಿಂದೆ ಯಾರೂ ನಿಲ್ಲಬಾರದು. ಫೋಟೊ ತೆಗೆಯುವವರಿಗೂ ಈ ನಿಯಮದಲ್ಲಿ ವಿನಾಯಿತಿ ಇಲ್ಲ. ಚಾಪೆ ಅರ್ಧಕ್ಕೆ ನಿಂತರೆ ಕತ್ತಿಯನ್ನು ತಿರುಚದೆ, ಹೋದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು. ಅಲಗು ಬಾಗುವುದು ಹೊಡೆತಕ್ಕಿಂತ ಹೆಚ್ಚಾಗಿ ಈ ತಿರುಚುವಿಕೆಯಿಂದ.

ಪ್ರತಿ ಕಡಿತದ ನಂತರ ಗೂಟವನ್ನು ಬೆರಳಿನಿಂದ ಮುಟ್ಟಿ, ಬೆನ್ನಿನ ಗುಂಟ ನೋಡಿ, ಹಿಡಿಯನ್ನು ಹಿಂಡಿ ಪರೀಕ್ಷಿಸಬೇಕು. ಹೊಸದಾಗಿ ಶುರುವಾದ ಕಟಕಟ ಸದ್ದು, ಅಂಗೈಗೆ ತಟ್ಟುವ ನಡುಕ, ಗೂಟ ಒಂದು ಬದಿಗೆ ಸರಿದಿರುವುದು, ಹಿಡಿಯ ಪಟ್ಟಿಯ ಮಡಿಕೆಗಳ ನಡುವೆ ಸಾಮೆಯಲ್ಲಿ ಕಾಣುವ ಉದ್ದನೆಯ ಗೆರೆ, ಹಿಂದೆ ಸಲೀಸಾಗಿ ಕೂರುತ್ತಿದ್ದ ಅಲಗು ಒರೆಯೊಳಗೆ ಉಜ್ಜತೊಡಗುವುದು: ಇವುಗಳಲ್ಲಿ ಒಂದು ಕಂಡರೂ ಆ ದಿನದ ಕಡಿತ ಮುಗಿಯಿತು. ಇನ್ನೊಂದು ಹೊಡೆತ ಹೊಡೆದು ನೋಡೋಣ ಎನ್ನುವವರಿಂದಲೇ ಗಾಯಗಳಾಗುತ್ತವೆ.

ಚಾಪೆಯ ನೀರು ಅಲಗಿಗೆ ತುಕ್ಕು ತರುವುದರಿಂದ ಒರೆಗೆ ಮರಳಿಸುವ ಮೊದಲು ಪ್ರತಿ ಸಲ ಒರೆಸಬೇಕು. ಬಟ್ಟೆ ಬೆನ್ನಿನ ಕಡೆಯಿಂದ ಅಲಗನ್ನು ಹಿಡಿದು ಬುಡದಿಂದ ಮೊನೆಗೆ ಸಾಗಬೇಕು, ಎಂದೂ ಹಿಮ್ಮುಖವಾಗಿ ಅಲ್ಲ. ಮನೆಗೆ ಬಂದ ಮೇಲೆ ಮತ್ತೊಮ್ಮೆ ಒಣಗಿಸಿ, ತೆಳುವಾಗಿ ಎಣ್ಣೆ ಹಚ್ಚಿಡಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಹಳೆಯ ಎಣ್ಣೆ ಒರೆಸಿ ಹೊಸದನ್ನು ಹಚ್ಚುವುದು ಅಗತ್ಯ.

ಅಲಗು ಸ್ವಲ್ಪ ಬಾಗಿದ್ದರೆ ಅದನ್ನು ಮೊಣಕಾಲಿಗೆ ಒತ್ತಿ ನೇರ ಮಾಡಲು ಹೋಗಬಾರದು. ಈ ಕೆಲಸ ಬಲ್ಲವರು ಮರದ ಅಚ್ಚಿನಲ್ಲಿ ಹಿಡಿದು ಸರಿಪಡಿಸುತ್ತಾರೆ, ಅಲ್ಲಿಯವರೆಗೆ ಕತ್ತಿಯನ್ನು ಒರೆಗೆ ಬಲವಂತವಾಗಿ ತುರುಕದೆ ಬಟ್ಟೆಯಲ್ಲಿ ಸುತ್ತಿಡಬೇಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಾಗಿ ನೇರಗೊಂಡ ಅಲಗಿನಿಂದ ಮುಂದೆ ಏನನ್ನೂ ಕಡಿಯಬಾರದು. ಅದನ್ನು ಯಾರಿಗೂ ಮಾರದೆ, ದೋಷವನ್ನು ಬರೆದ ಚೀಟಿಯನ್ನು ಒರೆಗೆ ಕಟ್ಟಿ ಬೇರೆಯಾಗಿ ಇಡಬೇಕು.